ಗೋಡೆಯ ಮೇಲಿನ ಕಾಲುಚೈನು

ಮೊದಲ ಸಲ ನೋಡಿದಾಗ ಆಪಾ ಅವರ ಮೂಗಿನ ತುದಿಗೆ ಸುಣ್ಣ ಮೆತ್ತಿಕೊಂಡಿತ್ತು. ಉದ್ದ ಮೂಗು, ಎಡಗಡೆ ಅಕ್ಕಿಕಾಳಿನಷ್ಟು ಮೂಗುಬೊಟ್ಟು, ತುದಿಯಲ್ಲೊಂದು ಬಿಳಿ ಚುಕ್ಕೆ. ಶಿಡ್ಲಘಟ್ಟದ ಹಳೆಯ ಚಿತ್ರಶಾಲೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಒತ್ತಿಕೊಂಡು ನಿಂತಿದ್ದರು. ಪ್ರಾರ್ಥನೆಯೇನೋ ಅಂದುಕೊಂಡು ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸುಮ್ಮನೆ ನಿಂತೆ. ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು, ಒಂದು ಹೆಜ್ಜೆ ಸರಿದು ಇನ್ನೊಂದು ಕಡೆ ಮೂಗಿಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ ಮಾತಾಡಿದರು.

"ಬನ್ನಿ, ನೀವೂ ಮೂಸಿ ನೋಡಿ. ಇಲ್ಲಿ ನೀರು ಇಳೀತಾ ಇದೆ. ಕಣ್ಣಿಗೆ ಇನ್ನೂ ಕಾಣ್ಸಲ್ಲ, ವಾಸನೆ ಬಂದ್ಬಿಟ್ಟಿದೆ."

ನಾನೂ ಹೋಗಿ ಮೂಗಿಟ್ಟೆ. ಸುಣ್ಣದ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಆರ್ಕಿಟೆಕ್ಟ್ ಆಗಲು ಓದಿದ ಅಷ್ಟೂ ವರ್ಷ ನನ್ನ ಮೂಗಿಗೆ ಯಾರೂ ಪಾಠ ಮಾಡಿರಲಿಲ್ಲ. ಬಂತು ಅಂತ ತಲೆಯಾಡಿಸಿದೆ. "ಸುಳ್ಳು ಹೇಳ್ಬೇಡಪ್ಪ, ಮೂಗು ಕೆಂಪಾಗುತ್ತೆ" ಅಂದು ನಕ್ಕರು. ಬಹುವಚನದಿಂದ ಏಕವಚನಕ್ಕೆ ಇಳಿಯಲು ಅವರಿಗೆ ಬೇಕಾದದ್ದು ಅಷ್ಟೇ ಹೊತ್ತು.

ಅವರು ಆ ಚಿತ್ರಶಾಲೆಯ ಮೇಲ್ವಿಚಾರಕರು. ಕೆಮಿಸ್ಟ್ರಿ ಓದಿ, ಮೈಸೂರಿನಲ್ಲಿ ಹಳೆಯ ಚಿತ್ರಗಳನ್ನು ಕಾಪಾಡುವ ವಿದ್ಯೆ ಕಲಿತು, ದೊಡ್ಡ ಊರುಗಳಲ್ಲಿ ಕೆಲಸ ಮಾಡಿ ಹುಟ್ಟೂರಿಗೆ ವಾಪಸಾದವರು. ಮನೆಯವರು ಹಿಂದಿನಿಂದಲೂ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು. ಮನೆಯೊಳಗೆ ಉರ್ದು, ಗೂಡಿನ ಮಾರ್ಕೆಟ್ಟಿನಲ್ಲಿ ತೆಲುಗು, ನನ್ನಂಥವರ ಜೊತೆ ಕನ್ನಡ. ಸ್ವಂತ ತಮ್ಮತಂಗಿಯರಿಗೆ ಆಪಾ, ಅಂದರೆ ಅಕ್ಕ. ಕಾಲಕ್ರಮದಲ್ಲಿ ಊರಿಗೆಲ್ಲ ಆಪಾ ಆದರು. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಅದಕ್ಕೆ ಮಾತ್ರ ಸಣ್ಣಗೆ ಗೊಣಗುತ್ತಿದ್ದರು.

ಚಿತ್ರಶಾಲೆಯನ್ನು ಊರಿನವರು ಬೊಂಬೆ ಬಂಗಲೆ ಅನ್ನುತ್ತಿದ್ದರು. ಆಂಧ್ರದ ಗಡಿ ಹತ್ತಿರವಿರುವ ನಮ್ಮ ಕಡೆ ಚಿತ್ರಕ್ಕೂ ಬೊಂಬೆ ಅಂತಲೇ ಹೆಸರು. ಹಿಂದೆ ಯಾವಾಗಲೋ ಒಬ್ಬ ರೇಷ್ಮೆ ವ್ಯಾಪಾರಿ ಕಟ್ಟಿಸಿದ ಕಲ್ಲು ಬಂಗಲೆ ಅದು. ಚಿನ್ನದ ರೇಕು ಹಚ್ಚಿದ ದೇವರ ಚಿತ್ರ, ಗಾಜಿನ ಹಿಂದೆ ಬರೆದ ಚಿತ್ರ, ಅರಬ್ಬಿ ಬರಹದ ಹಾಳೆ, ಊರ ಕಲಾವಿದರು ಬರೆದ ಬೀದಿ ಸಂತೆಗಳ ಚಿತ್ರ, ಕಣ್ಣಿಗೆ ಬಿದ್ದದ್ದನ್ನೆಲ್ಲ ಆ ಪುಣ್ಯಾತ್ಮ ಕೊಂಡು ತುಂಬಿಸಿ ಊರಿಗೆ ಬಿಟ್ಟು ಹೋಗಿದ್ದ. ಚಿತ್ರ ಜಾಸ್ತಿ, ಗೋಡೆ ಕಡಿಮೆ. ಮುಕ್ಕಾಲು ಪಾಲು ತಗಡಿನ ಪೆಟ್ಟಿಗೆಗಳಲ್ಲಿ ಮಲಗಿತ್ತು. ಬಂಗಲೆಯ ಪಕ್ಕದ ಜಾಗದಲ್ಲಿ ಹೊಸ ಭಾಗ ಕಟ್ಟಿ ಅವನ್ನೆಲ್ಲ ಹೊರಗೆ ತರಬೇಕು ಅಂತ ತೀರ್ಮಾನವಾದಾಗ ಕೆಲಸ ನನಗೆ ಬಂತು.

ನಾನು ತೊಂಡೇಬಾವಿ ಪಕ್ಕದ ಹಳ್ಳಿಯವನು, ಆಫೀಸು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿವರೆಗೆ ಕಟ್ಟಿದ್ದೆಲ್ಲ ಕಲ್ಯಾಣ ಮಂಟಪ, ಅಂಗಡಿ ಮಳಿಗೆ, ಗೌರಿಬಿದನೂರಿನಲ್ಲೊಂದು ನರ್ಸಿಂಗ್ ಹೋಮು. ಚಿತ್ರಶಾಲೆಯ ಸಮಿತಿಯವರಿಗೆ ಏರ್‌ಪೋರ್ಟಿನಂತೆ ಮುಂಭಾಗಕ್ಕೆಲ್ಲ ಗಾಜು ಬೇಕಿತ್ತು. ನನಗೂ ಅದು ಬೇಡವಾಗಿರಲಿಲ್ಲ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ನಕ್ಷೆ ನೋಡಿ ಆಪಾ, "ಗಾಜು ಹಾಕಿ, ಹಾಕಿ. ಆಮೇಲೆ ಒಳಗೆ ಬದನೆಕಾಯಿ ಸುಟ್ಕೋಬಹುದು" ಅಂದರು. ಸಮಿತಿ ನಕ್ಕಿತು. ನಗುತ್ತಾ ನಗುತ್ತಾ ಗಾಜನ್ನು ಕೈಬಿಟ್ಟಿತು. ಅವರು ವಾದ ಗೆಲ್ಲುತ್ತಿದ್ದದ್ದೇ ಹೀಗೆ. ಸೋತವನಿಗೆ ತಾನು ಸೋತದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

ಚಿತ್ರ ನೋಡುವುದರಲ್ಲಿ ಅವರದೇ ಒಂದು ಪದ್ಧತಿ ಇತ್ತು. ಕೈವಾರಕ್ಕೆ ಹೋಗಿ ವಾಪಸು ಬರುವ ಯಾತ್ರಿಕರೋ, ಮಾರ್ಕೆಟ್ಟಿಗೆ ಗೂಡು ತಂದ ಹೆಂಗಸರೋ ಒಳಗೆ ಬಂದರೆ ಕೈಹಿಡಿದು ಒಂದು ಚಿತ್ರದ ಮುಂದೆ ಕರೆದೊಯ್ಯುವರು. "ಕೂರ್ಚೋಂಡಮ್ಮಾ" ಅಂತ ನೆಲದ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂರುವರು. ವಿವರಣೆ ಕೊಡುತ್ತಿರಲಿಲ್ಲ. "ಏನು ಕಾಣ್ಸುತ್ತೆ?" ಅಂತ ಕೇಳಿ, ಅವರು ಹೇಳಿದ್ದನ್ನು ಬಾಯ್ತೆರೆದು ಕೇಳುವರು. ಹಾಗಾಗಿ ಆ ಬಂಗಲೆಯಲ್ಲಿ ಚಿತ್ರಗಳೆಲ್ಲ ತೀರಾ ಕೆಳಗೆ, ಕೂತವರ ಕಣ್ಣಿನ ಮಟ್ಟಕ್ಕೆ ಇದ್ದವು. ಹೊಸ ಭಾಗಕ್ಕೆ ನಾನು ಎಲ್ಲ ಕಡೆ ಇರುವ ಹಾಗೆ ನಿಂತವರ ಎತ್ತರಕ್ಕೆ ಗೆರೆ ಎಳೆದಿದ್ದೆ. ನಮ್ಮಿಬ್ಬರಿಗೂ ಜೋರಾಗಿಯೇ ಜಗಳವಾಯಿತು. ನನಗೂ ಸಿಟ್ಟು ಬೇಗ ಬರುತ್ತದೆ.

"ಆಪಾ, ಪ್ರಪಂಚದಲ್ಲೆಲ್ಲೂ ಹೀಗಿಲ್ಲ" ಅಂದೆ.

"ಪ್ರಪಂಚ ಶಿಡ್ಲಘಟ್ಟಕ್ಕೆ ಬಂದಿಲ್ಲ ಕಣೋ, ಬಂದಾಗ ಅದನ್ನೂ ಕೂರಿಸ್ತೀನಿ. ದಿನವೆಲ್ಲ ನೂಲು ಬಿಚ್ಚೋ ಚರಕದ ಮುಂದೆ ಕಾಲು ನೋಯಿಸ್ಕೊಂಡು ಬಂದೋರನ್ನ ಇಲ್ಲಿ ಬೇರೆ ನಿಲ್ಲಿಸ್ತೀಯಾ?"

ಕೊನೆಗೆ ಕೂರಲು ತಣ್ಣಗಿರುವ ಕೆಂಪು ಗಾರೆಯ ನೆಲವೇ ಆಯಿತು, ಗೆರೆಯೂ ಕೆಳಗೆ ಬಂತು.

ಒಳಗಿನ ಗಾಳಿ ಬೆಳಕಿನ ವಿಷಯದಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದಾಗ ಅವರು ನನ್ನನ್ನು ಚಿಂತಾಮಣಿ ರಸ್ತೆಯ ಒಂದು ತೋಟಕ್ಕೆ ಕರೆದೊಯ್ದರು. ಸಮಿತಿಯ ಖಜಾಂಚಿ ಗೌಡರ ತೋಟ. ಗೌಡರು ತಲೆತಲಾಂತರದಿಂದ ರೇಷ್ಮೆ ಹುಳು ಸಾಕುವವರು. ಅವರ ಹುಳದ ಮನೆಯೊಳಗೆ ಕಾಲಿಟ್ಟೆ, ಹೊರಗಿನ ಉರಿಬಿಸಿಲು ಬಾಗಿಲಲ್ಲೇ ನಿಂತಿತು. ದಪ್ಪ ಗೋಡೆ, ಮೇಲೆ ಸೂರಿನ ಕೆಳಗೆ ಬಲೆ ಹಾಕಿದ ಉದ್ದನೆಯ ಕಿಂಡಿಗಳು, ಎಲ್ಲಿಂದ ಬಂತೋ ತಿಳಿಯದ ಮೆತ್ತನೆ ಬೆಳಕು. ಸೊಪ್ಪು ಮೇಯುವ ಹುಳುಗಳ ಸದ್ದು ಬಿಟ್ಟರೆ ಏನೂ ಇಲ್ಲ.

"ನೋಡು, ಹುಳಕ್ಕೂ ಚಿತ್ರಕ್ಕೂ ಹಠ ಒಂದೇ. ಬಿಸಿಲು ಆಗಲ್ಲ, ತೇವ ಆಗಲ್ಲ, ಹೊಗೆ ಆಗಲ್ಲ" ಅಂದರು ಆಪಾ. ಗೌಡರ ಕಡೆ ತಿರುಗಿ, "ಗೌಡ್ರೇ, ನನ್ನ ಚಿತ್ರಗಳಿಗೂ ಇಂಥದೇ ಒಂದು ಹುಳದ ಮನೆ ಕಟ್ಟಿಸಿಕೊಡಿ" ಅಂದರು. ಗೌಡರಿಗೆ ಆದ ಹಿಗ್ಗು ಹೇಳತೀರದು. ಆವತ್ತು ನಮಗೆ ಮುದ್ದೆ, ಅವರೆಕಾಳಿನ ಸಾರು ಹಾಕಿಸದೆ ಬಿಡಲಿಲ್ಲ. ನನ್ನ ವೃತ್ತಿಯಲ್ಲಿ ನಾನು ನಾಚಿಕೆಪಡದ ಕಟ್ಟಡದ ನಕ್ಷೆ ಆ ಊಟದ ನಂತರ, ಗೌಡರ ಜಗಲಿಯ ಮೇಲೆಯೇ ಶುರುವಾಯಿತು.

ಕಟ್ಟುವಷ್ಟು ಕಾಲವೂ ಆಪಾ ದಿನಾ ಬರುತ್ತಿದ್ದರು. ಕಾಲಿಗೆ ಸಣ್ಣ ಗೆಜ್ಜೆಯ ಬೆಳ್ಳಿ ಕಾಲುಚೈನು. "ಈ ವಯಸ್ಸಲ್ಲಿ ಇದೇನು ಆಪಾ?" ಅಂತ ರೇಗಿಸಿದರೆ, "ಬರ್ತಾ ಇದೀನಿ ಅಂತ ಮುಂಚೆನೇ ತಿಳಿಸೋದು ಮರ್ಯಾದೆ" ಅನ್ನುವರು. ಆ ಸದ್ದು ಕೇಳಿದರೆ ಗಾರೆ ಕೆಲಸದವರು ಬೀಡಿ ಆರಿಸಿ ನೆಟ್ಟಗಾಗುತ್ತಿದ್ದರು. ಒಣಗಿದ ಪ್ರತಿ ಗೋಡೆಗೂ ಮೂಗಿಟ್ಟು ನೋಡಿ ಪಾಸು ಫೇಲು ಹೇಳುತ್ತಿದ್ದರು. ಒಮ್ಮೊಮ್ಮೆ ಮಾತ್ರ ಅರ್ಧದಲ್ಲಿ ಇಟ್ಟಿಗೆ ರಾಶಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಅವರಿಗೆ ಹಿಂದೆ ವಾಸಿಯಾಗಿದ್ದ ಕ್ಯಾನ್ಸರು ಮತ್ತೆ ಬಂದಿದೆ ಅಂತ ಅವರ ತಂಗಿ ನನಗೆ ಹೇಳಿದ್ದು ತಾರಸಿ ಹಾಕಿದ ಮೇಲೆ. ಅವರಾಗಿ ಬಾಯಿಬಿಡಲಿಲ್ಲ. ನಾನು ಕೇಳಿದ್ದಕ್ಕೆ, "ಡಾಕ್ಟ್ರಿಗೂ ನಿನಗೂ ಒಂದೇ ಮಾತು ಹೇಳಿದೀನಿ, ಬೇಗ ಮುಗಿಸಿ ಅಂತ" ಅಂದರು.

ಯಾಕೆ ಆ ಅವಸರ ಅನ್ನುವುದು ಅವರು ಒಂದು ಪೆಟ್ಟಿಗೆ ತೆರೆದು ತೋರಿಸಿದ ದಿನ ತಿಳಿಯಿತು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ದೊಡ್ಡ ಚಿತ್ರ. ಯಾರು ಬರೆದರೋ, ಹೆಸರಿಲ್ಲ. ನೂಲು ಬಿಚ್ಚುವ ಕೊಟ್ಟಡಿ, ಕುದಿಯುವ ಬಾನಿಯಿಂದ ಏಳುವ ಹಬೆ, ಹಬೆಯ ನಡುವೆ ಸಾಲಾಗಿ ಕೂತ ಹೆಂಗಸರು. ಬಲಗಡೆ ತುದಿಯಲ್ಲಿ ಒಬ್ಬಾಕೆ ಚರಕದ ಹಿಡಿ ಹಿಡಿದುಕೊಂಡೇ ತಿರುಗಿ ನಮ್ಮನ್ನು ನೋಡುತ್ತಾಳೆ. ಸುಸ್ತಾಗಿದ್ದಾಳೆ, ಆದರೂ ಏನೋ ತಮಾಷೆ ಮಾಡಲು ಹೊರಟ ಮುಖ.

"ನಾನು ಹುಡುಗಿಯಾಗಿದ್ದಾಗ ಇದು ಮುಂದಿನ ಕೋಣೇಲಿತ್ತು. ಗೋಡೆ ಸೋರಕ್ಕೆ ಶುರುವಾಯ್ತು, ಪೆಟ್ಟಿಗೆ ಸೇರ್ತು" ಅಂದರು. "ಇವಳು ನಮ್ಮ ದಾದಿ, ಅಪ್ಪನ ಅಮ್ಮ. ಯಾರೂ ಹೇಳಿದ್ದಲ್ಲ, ನಾನೇ ಅಂದ್ಕೊಂಡಿರೋದು. ಊರಲ್ಲಿ ಅರ್ಧ ಜನರ ಅಜ್ಜಿಯರು ಇದೇ ಕೆಲಸ ಮಾಡಿದೋರು. ಅವರ್ಯಾರೂ ಇದನ್ನ ನೋಡೇ ಇಲ್ಲ."

"ಹೊಸ ಹಾಲ್‌ನಲ್ಲಿ ಮೊದಲು ಇದನ್ನೇ ಹಾಕೋಣ. ನೀವು ಮುಂದೆ ಕೂತು ಸಮಾಧಾನವಾಗಿ ನೋಡೋರಂತೆ."

"ನಾನು ಬೇಕಾದಷ್ಟು ನೋಡಿದೀನಿ ಬಿಡು. ನೋಡೋರನ್ನ ನೋಡ್ಬೇಕು ನನಗೆ."

ಹೊಸ ಭಾಗ ಸಿದ್ಧವಾಯಿತು. ಮಂತ್ರಿಗಳು ಬರುವ ದಿನ ಗೊತ್ತಾಯಿತು, ಕರೆಯೋಲೆ ಹಂಚಿ ಆಯಿತು. ಚಿತ್ರಗಳನ್ನು ಸಾಗಿಸಬೇಕಾಗಿದ್ದ ಬೆಳಿಗ್ಗೆ ಆಪಾ ಮತ್ತು ನಾನು ಹೋಗಿ ಬಾಗಿಲು ತಳ್ಳಿದೆವು. ಆವತ್ತು ನನ್ನ ದಡ್ಡ ಮೂಗಿಗೂ ಗೊತ್ತಾಯಿತು, ಘಾಟು ಗಂಟಲಿಗೇ ಹೊಡೆಯಿತು. ನೆಲ ಒದ್ದೆ, ಗೋಡೆ ಒದ್ದೆ, ಹೊಸ್ತಿಲಿಗೆ ಸುಣ್ಣದ ಪಟ್ಟಿ. ಹಾಲ್‌ನ ನಡುವೆ ಖಜಾಂಚಿ ಗೌಡರು ಮೂಗಿಗೆ ಟವೆಲು ಕಟ್ಟಿಕೊಂಡು, ಬೆನ್ನಿಗೆ ಔಷಧಿ ಹೊಡೆಯುವ ಕ್ಯಾನು ಹೊತ್ತುಕೊಂಡು, ಮದುವೆ ಮನೆ ಯಜಮಾನರ ಹಾಗೆ ನಿಂತಿದ್ದರು.

"ಎಲ್ಲ ರೆಡಿ ಆಪಾ! ಬ್ಲೀಚಿಂಗ್ ಪೌಡರ್ರು, ಸುಣ್ಣ, ಒಂದು ಮೂಲೆನೂ ಬಿಟ್ಟಿಲ್ಲ. ನೀವೇ ಅಂದ್ರಲ್ಲ, ಹುಳದ ಮನೆ ಅಂತ. ಹೊಸ ಬೆಳೆಗೆ ಹುಳ ತರೋಕೆ ಮುಂಚೆ ಹಿಂಗೇ ಮಾಡೋದು ನಾವು. ಇನ್ನು ನಿಮ್ಮ ಚಿತ್ರಗಳಿಗೆ ಯಾವ ರೋಗಾನೂ ಅಂಟಲ್ಲ."

ನಾನು ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಆಪಾ ನನ್ನ ಮೊಣಕೈ ಹಿಡಿದರು, ಬಿಗಿಯಾಗಿಯೇ.

"ಗೌಡ್ರೇ, ಬ್ಲೀಚಿಂಗ್ ಪೌಡರ್ ಬಣ್ಣದ ಬಟ್ಟೆ ಮೇಲೆ ಬಿದ್ರೆ ಏನಾಗುತ್ತೆ?"

"ಬಣ್ಣ ಹೋಗುತ್ತೆ" ಅಂದರು ಗೌಡರು ಉತ್ಸಾಹದಿಂದಲೇ. ಅಂದ ಮೇಲೆ ಅವರ ಕೈ ಟವೆಲಿನ ಮೇಲೆ ಹಾಗೇ ನಿಂತಿತು. ಕ್ಯಾನು ಇಳಿಸಿ ಆ ಒದ್ದೆ ನೆಲದ ಮೇಲೇ ಕುಸಿದು ಕೂತರು. "ಗಾಳೀಲೂ ಹೋಗುತ್ತಾ ಆಪಾ?"

"ಗಾಳೀಲೂ ಹೋಗುತ್ತೆ. ಗೋಡೆ ಕುಡಿದಿದೆ, ಇನ್ನು ನಿಧಾನಕ್ಕೆ ಬಿಡ್ತಾ ಇರುತ್ತೆ."

ದೊಡ್ಡ ಮೀಸೆಯ ಮನುಷ್ಯ ಮಕ್ಕಳ ಹಾಗೆ ಅತ್ತರು. ಆಪಾ ಅವರ ಪಕ್ಕದಲ್ಲಿ ಕೂತರು. "ತಪ್ಪು ನಂದೇ ಗೌಡ್ರೇ. ಹುಳದ ಮನೆ ಅಂದೆ, ನೀವು ಪೂರ್ತಿ ನಂಬಿದ್ರಿ. ನನ್ನ ಮಾತನ್ನ ಇಷ್ಟು ಶ್ರದ್ಧೆಯಿಂದ ಕೇಳಿದೋರು ಈ ಊರಲ್ಲಿ ಬೇರೆ ಯಾರಿದಾರೆ ಹೇಳಿ" ಅಂದರು. ಆಮೇಲೆ ಕೂತಲ್ಲೇ ಬಾಗಿ ಎರಡೂ ಕಾಲುಚೈನು ಬಿಚ್ಚಿದರು. ಹಲ್ಲುಪುಡಿ ತರಿಸಿ ಎರಡನ್ನೂ ಫಳಫಳ ಉಜ್ಜಿ ತೊಳೆದು ಒರೆಸಿದರು. ಒಂದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. ಇನ್ನೊಂದನ್ನು, ದಾದಿಯ ಚಿತ್ರಕ್ಕೆ ಅಂತ ಹೊಡೆದಿದ್ದ ಮೊಳೆಗೆ ತೂಗುಹಾಕಿದರು. ಕೆಟ್ಟ ಗಾಳಿ ಇರುವವರೆಗೆ ಬೆಳ್ಳಿ ಮಂಕಾಗುತ್ತಲೇ ಇರುತ್ತದೆ. ಗೋಡೆಯ ಮೇಲಿನದು ಡಬ್ಬಿಯಲ್ಲಿರುವುದರಷ್ಟೇ ಹೊಳೆಯುತ್ತಾ ಉಳಿದರೆ ಆಗ ಚಿತ್ರಗಳು ಬರಬಹುದು. ಅಲ್ಲಿವರೆಗೆ ಒಂದೂ ಬರುವ ಹಾಗಿಲ್ಲ.

ಅದು ತಿಂಗಳುಗಟ್ಟಲೆ ಆಗಬಹುದು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಬಳಿ ಅಷ್ಟು ತಿಂಗಳಿಲ್ಲ ಅನ್ನುವುದೂ ಗೊತ್ತಿತ್ತು.

ಉದ್ಘಾಟನೆ ಗೊತ್ತುಮಾಡಿದ ದಿನವೇ ನಡೆಯಿತು. ಟೇಪು ಕತ್ತರಿಸಿ ಒಳಗೆ ಬಂದ ಮಂತ್ರಿಗಳು ಖಾಲಿ ಗೋಡೆಗಳನ್ನೂ ಒಂಟಿ ಕಾಲುಚೈನನ್ನೂ ನೋಡಿ, "ಎಲ್ಲಮ್ಮಾ ಚಿತ್ರಗಳು?" ಅಂದರು. ಹಿಂದೆ ನಿಂತಿದ್ದ ಗೌಡರ ಮುಖದಲ್ಲಿ ರಕ್ತವಿರಲಿಲ್ಲ.

"ಬರ್ತವೆ ಸಾರ್. ಮನೆ ಇನ್ನೂ ಒಣಗ್ತಾ ಇದೆ. ಬಾಣಂತೀನ ಹಸಿಗೋಡೆ ಮನೆಗೆ ಕಳಿಸ್ತೀರಾ ನೀವು?" ಅಂದರು ಆಪಾ. "ಇವತ್ತು ಮನೆ ನೋಡ್ಕೊಂಡು ಹೋಗಿ. ಬೆಳಕು ಎಲ್ಲಿಂದ ಬರುತ್ತೆ ಹೇಳಿ ನೋಡಣ."

ಮಂತ್ರಿಗಳು ತಲೆಯೆತ್ತಿ ಹುಡುಕಿದರು, ಅವರ ಹಿಂದಿದ್ದ ಜನವೆಲ್ಲ ತಲೆಯೆತ್ತಿ ಹುಡುಕಿತು. ನನ್ನ ಕಟ್ಟಡವನ್ನು ಅಷ್ಟು ಜನ ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಗೌಡರ ಹೆಸರು ಆವತ್ತು ಬರಲಿಲ್ಲ, ಆಮೇಲೂ ಆಪಾ ಬಾಯಲ್ಲಿ ಬರಲಿಲ್ಲ. ಆಪಾಗೆ ಹುಷಾರಿಲ್ಲ, ಕೆಲಸ ಕೈಲಾಗಲ್ಲ, ಚಿತ್ರ ಕೂಡ ಹಾಕಿಸಿಲ್ಲ ಅಂತ ಊರಲ್ಲಿ ಆಡಿಕೊಂಡರು. ವಾಟ್ಸಾಪಿನಲ್ಲಿ ಖಾಲಿ ಗೋಡೆಯ ಫೋಟೋ ಹಾಕಿ ನಕ್ಕರು. ಆ ಮಾತನ್ನೂ ಅವರು ಸುಮ್ಮನೆ ಹೊತ್ತುಕೊಂಡರು. ನನ್ನ ಕೈಲಿ ಖಂಡಿತ ಆಗುತ್ತಿರಲಿಲ್ಲ.

ಗೌಡರು ದಿನಾ ಬೆಳಿಗ್ಗೆ ಬಂದು ಕಿಂಡಿ ಬಾಗಿಲೆಲ್ಲ ತೆರೆಯುತ್ತಿದ್ದರು, ನೆಲ ತೊಳೆಸುತ್ತಿದ್ದರು, ಸಂಜೆ ಬಂದು ಮುಚ್ಚುತ್ತಿದ್ದರು. ಗೋಡೆಯ ಮೇಲಿನ ಚೈನು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಆಪಾ ಬಂದು ಇಳಿಸಿ, ಡಬ್ಬಿಯಲ್ಲಿದ್ದದ್ದರ ಪಕ್ಕ ಹಿಡಿದು ನೋಡಿ, "ಇನ್ನೂ ಇಲ್ಲ" ಅನ್ನುವರು. ಉಜ್ಜಿ ಮತ್ತೆ ತೂಗುಹಾಕುವರು. ಈಗ ಅವರು ಬಂದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಬರಿಗಾಲಿನಲ್ಲಿ ಮೆಲ್ಲಗೆ ಬರುವರು, ಬರುಬರುತ್ತಾ ತಂಗಿಯ ಭುಜ ಹಿಡಿದು ಬರುವರು. ಒಂದು ದಿನ ಬರಲಾಗಲಿಲ್ಲ. ಆಮೇಲೆ ನಾವೇ ಅವರ ಮಂಚದ ಹತ್ತಿರ ಹೋಗಿ ವರದಿ ಒಪ್ಪಿಸಬೇಕಾಯಿತು.

ನನಗೆ ತಡೆಯಲಾಗಲಿಲ್ಲ. "ಆಪಾ, ಒಂದೇ ದಿನ. ಒಂದೇ ಒಂದು ಚಿತ್ರ. ಬೆಳಿಗ್ಗೆ ಹಾಕಿ ಸಂಜೆ ತೆಗೆದುಬಿಡ್ತೀವಿ. ನಿಮ್ಮನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ನೂಲು ಬಿಚ್ಚೋ ಹೆಂಗಸರಿಗೆಲ್ಲ ಹೇಳಿ ಕಳಿಸ್ತೀನಿ. ಒಂದು ದಿನಕ್ಕೆ ಏನೂ ಆಗಲ್ಲ" ಅಂದೆ. ತಂಗಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹ್ಞೂಂ ಅನ್ನು ಆಪಾ ಅಂದರು.

ಅವರು ನನ್ನನ್ನೇ ನೋಡಿದರು. ಆಸೆ ಇತ್ತು ಆ ಕಣ್ಣಲ್ಲಿ, ಇರಲಿಲ್ಲ ಅಂದರೆ ಸುಳ್ಳು.

"ನನ್ನ ಕಾಯಿಲೆ ನನಗೇ ಇರಲಿ ಕಣೋ. ನಮ್ಮ ದಾದಿಗ್ಯಾಕೆ ಅಂಟಿಸ್ತೀಯ?" ಅಂದರು. ಆಮೇಲೆ, "ಹಾಕುವಾಗ ಕೆಳಗೇ ಹಾಕು. ಮರೆತು ಮೇಲೆ ಹಾಕಿಬಿಡ್ತೀಯ, ನೀನು ಕಲ್ಯಾಣ ಮಂಟಪದವನು" ಅಂದು ನಕ್ಕರು. ಅದೇ ಅವರು ನನಗೆ ಹೇಳಿದ ಕೊನೆಯ ಮಾತು.

ಅವರು ಹೋದ ದಿನ ಊರಿನ ಚರಕಗಳು ನಿಂತಿದ್ದವು. ಮೆರವಣಿಗೆ ಬೊಂಬೆ ಬಂಗಲೆಯ ಮುಂದೆ ಒಂದು ಗಳಿಗೆ ನಿಂತು ಹೋಯಿತು. ಹೆಗಲು ಕೊಟ್ಟವರಲ್ಲಿ ಗೌಡರೂ ಇದ್ದರು. ನಾನು ಹಿಂದೆ ನಡೆಯುತ್ತಾ, ಮುಚ್ಚುಮರೆಯಿಲ್ಲದೆ ಅತ್ತೆ.

ಅವರಿಲ್ಲದಿದ್ದರೂ ಚೈನು ಇಳಿಸಿ ನೋಡುವ ಕೆಲಸ ನಿಲ್ಲಲಿಲ್ಲ. ಈಗ ಆಪಾ ತಂಗಿ ಹಲ್ಲುಪುಡಿ ಹಚ್ಚಿ ಉಜ್ಜುತ್ತಿದ್ದರು. ಮಾವಿನ ಕಾಲ ಮುಗಿದು ಮಳೆ ಬಂತು, ಮಳೆ ಹೋಗಿ ಅವರೆಕಾಯಿ ಬಂತು. ಒಂದು ಬೆಳಿಗ್ಗೆ ಗೌಡರು ಚೈನು ಇಳಿಸಿ, ಡಬ್ಬಿಯಿಂದ ಅದರ ಜೋಡಿಯನ್ನು ತೆಗೆದು ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡರು. ಬಾಗಿಲ ಬೆಳಕಿಗೆ ಹೋದರು, ವಾಪಸು ಬಂದರು. ನನ್ನ ಮುಂದೆ ಹಿಡಿದರು. ಯಾವುದು ಗೋಡೆಯದು, ಯಾವುದು ಡಬ್ಬಿಯದು ನನಗೆ ಹೇಳಲಾಗಲಿಲ್ಲ. ಆದರೂ ನಾನು ಗೋಡೆಯ ಹತ್ತಿರ ಹೋಗಿ ಮೂಗಿಟ್ಟೆ, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದೆ. ಬರೀ ಗೋಡೆಯ ವಾಸನೆ ಇತ್ತು.

ಆ ವಾರವೇ ಚಿತ್ರ ಹಾಕಿದೆವು. ಕೆಳಗೇ ಹಾಕಿದೆ. ಕರೆಯೋಲೆ ಇಲ್ಲ, ಮಂತ್ರಿಗಳಿಲ್ಲ. ಮಾರ್ಕೆಟ್ಟು ಮುಗಿಸಿಕೊಂಡು ನಾಲ್ಕಾರು ಹೆಂಗಸರು ಬಂದರು. ನಾನು ಆಪಾ ಹೇಳುತ್ತಿದ್ದ ಹಾಗೇ "ಕೂರ್ಚೋಂಡಮ್ಮಾ" ಅಂದೆ, ಅವರು ಕಾಲು ಚಾಚಿ ಕೂತರು. ಬಿಸಿನೀರಿನಲ್ಲಿ ಬೆಂದು ಬೆರಳು ಬಿಳಿಚಿಹೋಗಿದ್ದ ಒಬ್ಬ ಮುದುಕಿ ಕೂತಲ್ಲಿಂದಲೇ ಮುಂದೆ ಸರಿದು, ಬಲಗಡೆಯ ತುದಿಗೆ ಕೈ ತೋರಿಸಿದಳು.

"ಅಯ್ಯೋ, ನೋಡ್ರೇ, ಇವಳು ನಮ್ಮಮ್ಮ ಕಣೇ!"

"ನಿಮ್ಮಮ್ಮ ಎಲ್ಲಿಂದ ಬಂದ್ಲು, ಅದು ನಮ್ಮತ್ತೆ" ಅಂದಳು ಪಕ್ಕದವಳು. ಜಗಳ ಶುರುವಾಯಿತು, ನಗು ಶುರುವಾಯಿತು. ನಾನು ಯಾರನ್ನೂ ತಿದ್ದಲಿಲ್ಲ. ಚಿತ್ರಕ್ಕೆ ಬೆನ್ನು ಮಾಡಿ, ಆಪಾ ಕೂರಬೇಕಾಗಿದ್ದ ಆ ತಣ್ಣನೆಯ ನೆಲದ ಮೇಲೆ ಕೂತು, ಅವರ ಬದಲಿಗೆ ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದೆ.